ಶಿವಪ್ಪನಿಗೆ ಸೂಜಿ

ಎದೆಯ ಕೂದಲನ್ನು ಕಿತ್ತುಕೊಳ್ಳತೊಡಗಿದ್ದು ಮೊಲ, ಬೆವರತೊಡಗಿದ್ದು ರೇವಣಸಿದ್ದಪ್ಪ.

ರಾಣೆಬೆನ್ನೂರಿನಿಂದ ವಿಜಯನಗರದ ವಠಾರಕ್ಕೆ ಬಂದ ತಾಯಿ ಬಸವ್ವನಿಗೆ ಬೇಸರವಾಗದಿರಲೆಂದು ಅವನು ಮೂರು ವಾರದ ಹಿಂದೆ ಸಂತೆಯಿಂದ ಆ ಬಿಳಿ ಮೊಲವನ್ನು ತಂದಿದ್ದ. ವಿಭೂತಿಯಂಥ ಬಣ್ಣ ಕಂಡು ಬಸವ್ವ ಅದಕ್ಕೆ ಶಿವಪ್ಪ ಎಂದು ಹೆಸರಿಟ್ಟಿದ್ದಳು. ಆ ಭಾನುವಾರ ಬೆಳಗ್ಗೆ ಶಿವಪ್ಪ ಕ್ಯಾರೆಟ್ಟನ್ನು ಮೂಸಿಯೂ ನೋಡಲಿಲ್ಲ. ಬಸವ್ವ ರೊಟ್ಟಿ ತಟ್ಟೆಯನ್ನು ದೂರ ತಳ್ಳಿದಳು.

"ಅದು ಉಂಡಿಲ್ಲ ತಮ್ಮಾ, ನಾ ಹ್ಯಾಂಗ ಉಣ್ಲಿ?"

ಪಕ್ಕದ ಮನೆಯ ಮುನಿರಾಮಯ್ಯ ಕಿಟಕಿಯಲ್ಲೇ ಇಣುಕಿ ರೋಗ ನಿರ್ಧರಿಸಿಬಿಟ್ಟರು. "ಕಜ್ಜಿ ಸಾರ್ ಇದು! ಇಡೀ ವಠಾರಕ್ಕೆ ಅಂಟುತ್ತೆ. ಇವತ್ತೇ ಇಂಜೆಕ್ಷನ್ ಹಾಕಿಸಿ, ಇಲ್ಲಾಂದ್ರೆ ಓನರ್‌ಗೆ ಹೇಳ್ಬೇಕಾಗುತ್ತೆ."

ಎದುರು ಮನೆಯ ಅನಂತಲಕ್ಷ್ಮಮ್ಮ ಸೆರಗು ಬಾಯಿಗಿಟ್ಟುಕೊಂಡರು. "ಅಯ್ಯೋ, ಮೊಲದ ಎದೆ ಹೂವಿನಂಥದ್ದು ಕಣ್ರೀ. ಸೂಜಿ ಕಂಡ್ರೆ ಹೆದರಿಕೊಂಡೇ ಸತ್ತೋಗುತ್ತಂತೆ!"

ಸೂಜಿ ಎಂಬ ಮಾತು ಕೇಳಿಯೇ ರೇವಣಸಿದ್ದಪ್ಪ ಬಾಗಿಲ ಮರೆಗೆ ಸರಿದ. ಹಿಂದಿನ ವರ್ಷ ಸಿಡುಬಿನ ಲಸಿಕೆಯವರು ಬೀದಿಗೆ ಬಂದಾಗ ಹಿತ್ತಲ ಸೌದೆ ಕೋಣೆಯಲ್ಲಿ ಮಧ್ಯಾಹ್ನದವರೆಗೂ ಅಡಗಿ ಕೂತಿದ್ದ ಗಂಡಸು ಅವನು. ಆದರೆ ಇತ್ತ ಮೊಲದ ಉಪವಾಸ, ಅತ್ತ ಅವ್ವನ ಉಪವಾಸ. ತರಕಾರಿ ಬುಟ್ಟಿಯಲ್ಲಿ ಟವೆಲ್ ಹಾಸಿ, ಶಿವಪ್ಪನನ್ನು ಕೂರಿಸಿ, ಜಾನುವಾರು ಆಸ್ಪತ್ರೆಗೆ ಹೊರಟ. ಕರೆಯದಿದ್ದರೂ ಮುನಿರಾಮಯ್ಯ ಜೊತೆಗೆ ಬಂದರು.

ಆಸ್ಪತ್ರೆಯಲ್ಲಿ ಒಂದು ಎಮ್ಮೆ ನೆಂಟರ ಮನೆಗೆ ಬಂದಂತೆ ಬಾಗಿಲಿಗೆ ಅಡ್ಡ ನಿಂತಿತ್ತು. ಒಳಗೆ ಯಾವುದೋ ನಾಯಿ ಊಳಿಡುತ್ತಿತ್ತು. ಬುಟ್ಟಿಯೊಳಗೆ ಶಿವಪ್ಪ ಕಿವಿಯನ್ನು ಬೆನ್ನಿಗಂಟಿಸಿಕೊಂಡು ಬೆಣ್ಣೆಯ ಮುದ್ದೆಯಂತೆ ಅಲುಗಾಡದೆ ಕೂತಿತ್ತು.

"ಎಷ್ಟು ಧೈರ್ಯ ನೋಡಿ ಸಾರ್," ಎಂದರು ಮುನಿರಾಮಯ್ಯ.

"ಧೈರ್ಯ ಅಲ್ಲ ಕಣ್ರೀ, ಭಯ," ಎಂದರು ಡಾಕ್ಟರು, ಕನ್ನಡಕ ಏರಿಸುತ್ತ. "ನಾಯಿ ಆದ್ರೆ ಕಿರುಚುತ್ತೆ, ಎಮ್ಮೆ ಒದೆಯುತ್ತೆ. ಮೊಲಕ್ಕೆ ಪಾಪ ಕೂಗೋಕೂ ಭಯ. ಹೆದರಿದ್ರೆ ಕಲ್ಲಾಗುತ್ತೆ. ಗಂಡೋ, ಹೆಣ್ಣೋ?"

"ಶಿವಪ್ಪ, ಸಾರ್," ಎಂದ ರೇವಣಸಿದ್ದಪ್ಪ.

"ಸರಿ, ಗಂಡು." ಡಾಕ್ಟರು ಕೂದಲು ಬಿಡಿಸಿ ನೋಡಿದರು. "ಕಜ್ಜಿ ಅಲ್ಲ ಇದು. ನಾನು ದಿನಾ ನೋಡೋದು ದನ, ಎಮ್ಮೆ. ಏನೋ ನಿಶ್ಶಕ್ತಿ ಇರಬೇಕು, ವಿಟಮಿನ್ ಕೊಡ್ತೀನಿ. ಟವೆಲಲ್ಲಿ ಸುತ್ತಿ, ಅದರ ಕಣ್ಣು ಮುಚ್ಚಿ, ಎದೆಗೆ ಒತ್ಕೊಳ್ಳಿ. ಹಿಂಗಾಲು ಭದ್ರ! ಒದ್ದಾಡಿದ್ರೆ ತನ್ನ ಬೆನ್ನು ತಾನೇ ಮುರ್ಕೊಳ್ಳುತ್ತೆ. ಯಾವ ಕಾರಣಕ್ಕೂ ಕೈ ಬಿಡ್ಬೇಡಿ."

ರೇವಣಸಿದ್ದಪ್ಪ ಶಿವಪ್ಪನನ್ನು ಅಪ್ಪಿಕೊಂಡ. ಟವೆಲಿನ ಒಳಗಿಂದ ಪುಟ್ಟ ಎದೆಯ ಬಡಿತ ಅವನ ಅಂಗೈಗೆ ತಾಕಿತು. ಅವನ ಎದೆಯೂ ಅದೇ ವೇಗದಲ್ಲಿ ಹೊಡೆದುಕೊಳ್ಳುತ್ತಿತ್ತು. "ಹೆದರ್ಬ್ಯಾಡೋ ನಮ್ಮಪ್ಪಾ, ನಾನದೀನಿ," ಎಂದು ಅದರ ಕಿವಿಯಲ್ಲಿ ಪಿಸುಗುಟ್ಟಿದ. ಯಾರಿಗೆ ಹೇಳಿಕೊಂಡನೋ ಅವನಿಗೇ ತಿಳಿಯಲಿಲ್ಲ. ಆ ದನಿ ಕೇಳಿ ಮೊಲ ಮೂತಿಯನ್ನು ಅವನ ಕಂಕುಳಲ್ಲಿ ಹುದುಗಿಸಿತು.

ಡಾಕ್ಟರು ಕತ್ತಿನ ಚರ್ಮವನ್ನು ಎತ್ತಿ ಹಿಡಿದು ಚುಚ್ಚಿದರು. ಶಿವಪ್ಪ ಒಮ್ಮೆ ಮೂಗು ಕುಣಿಸಿತು, ಅಷ್ಟೆ. ರೇವಣಸಿದ್ದಪ್ಪ ಮಾತ್ರ ಗೋಡೆಗೆ ಒರಗಿದವನು ಹಾಗೇ ಜಾರಿ, ಕಣ್ಣು ಮೇಲೆ ಮಾಡಿ ನೆಲಕ್ಕೆ ಕುಸಿದ.

"ಅರೆ! ನಾನು ಇಂಜೆಕ್ಷನ್ ಕೊಟ್ಟಿದ್ದು ಯಾರಿಗ್ರೀ?" ಎಂದರು ಡಾಕ್ಟರು ಗಾಬರಿಯಿಂದ.

ಎಮ್ಮೆಗೆ ಇಟ್ಟಿದ್ದ ಬಕೆಟ್ಟಿನ ನೀರು ಮುಖದ ಮೇಲೆ ಬಿದ್ದಾಗ ಅವನಿಗೆ ಎಚ್ಚರವಾಯಿತು. ಮೊಲ ಇನ್ನೂ ಅವನ ತೋಳಿನಲ್ಲೇ, ಒಂದು ಹನಿ ನೀರೂ ತಾಕದೆ, ಬೆಚ್ಚಗೆ ಕೂತಿತ್ತು.

ಮನೆಗೆ ಬಂದ ಕೂಡಲೇ ಶಿವಪ್ಪ ಮಂಚದ ಕೆಳಗಿನ ಹಳೆಯ ಪೆಟ್ಟಿಗೆಗೆ ನುಗ್ಗಿತು. ಮತ್ತೆ ಎದೆಯ ಕೂದಲನ್ನು ಬಾಯಿತುಂಬ ಕಿತ್ತು ರಾಶಿ ಹಾಕತೊಡಗಿತು. ಸಂಜೆಯ ಹೊತ್ತಿಗೆ ಉಸಿರು ಜೋರಾಯಿತು.

"ನಾನು ಬಡ್ಕೊಂಡೆ, ಸೂಜಿ ಬೇಡ ಅಂತ," ಎಂದು ಅನಂತಲಕ್ಷ್ಮಮ್ಮ ಕಣ್ಣೊರೆಸಿಕೊಂಡರು. ತಾನೇ ಕೈಯಾರೆ ಕೊಂದೆನೆಂದು ರೇವಣಸಿದ್ದಪ್ಪ ಮೂಲೆಯಲ್ಲಿ ಮೊಣಕಾಲಿಗೆ ತಲೆಯಿಟ್ಟು ಕೂತ.

ಬಸವ್ವ ದೀಪ ಹಿಡಿದು ಮಂಚದ ಕೆಳಗೆ ಬಗ್ಗಿದಳು. ಬಗ್ಗಿದವಳು ಬಹಳ ಹೊತ್ತು ಏಳಲೇ ಇಲ್ಲ. ಆಮೇಲೆ ಅವಳ ಕೂಗು ವಠಾರಕ್ಕೆಲ್ಲ ಕೇಳಿಸಿತು.

"ಯಪ್ಪಾ! ನಮ್ಮ ಶಿವಪ್ಪ ಹಡದಾನೋ!"

ಎದೆಯ ಕೂದಲಿನ ಮೆತ್ತೆಯಲ್ಲಿ ಹೆಬ್ಬೆರಳಿನಷ್ಟೇ ಇದ್ದ ಗುಲಾಬಿ ಬಣ್ಣದ ಮರಿಗಳು ಮಿಸುಕಾಡುತ್ತಿದ್ದವು. "ಮಕ್ಕಳಿಗೆ ಹಾಸಿಗೆ ಮಾಡಾಕ ತನ್ನ ಮೈಯನ್ನ ಕಿತ್ಕೊಂಡಾಳ ನೋಡು ಈ ತಾಯಿ," ಎಂದು ಬಸವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ತಾಯಿಮೊಲ ಗಬಗಬನೆ ಕ್ಯಾರೆಟ್ ತಿಂದಿತು; ಬಸವ್ವ ರೊಟ್ಟಿ ಮುರಿದಳು. ರೇವಣಸಿದ್ದಪ್ಪ ದಿನದಲ್ಲಿ ಮೊದಲ ಸಲ ನೆಮ್ಮದಿಯ ಉಸಿರು ಬಿಟ್ಟ. ಕಜ್ಜಿಯಿಲ್ಲ, ಆಸ್ಪತ್ರೆಯಿಲ್ಲ, ಇನ್ನು ಸೂಜಿಯ ಮುಖ ನೋಡಬೇಕಾಗಿಲ್ಲ.

ಅಷ್ಟರಲ್ಲಿ ಹೊರಗೆ ಮುನಿರಾಮಯ್ಯನವರ ದನಿ ಕೇಳಿಸಿತು. "ಪ್ರಜ್ಞೆ ತಪ್ಪಿದ್ರೂ ಕೈ ಬಿಡ್ಲಿಲ್ಲ ಕಣ್ರೀ! ಅವರ ಕೈಗೆ ಸಿಕ್ಕಿದ ಪ್ರಾಣಿ ಕಮಕ್ ಕಿಮಕ್ ಅನ್ನಲ್ಲ. ಡಾಕ್ಟ್ರೇ ಬೆರಗಾದ್ರು!"

ಬಾಗಿಲಲ್ಲಿ ಆಗಲೇ ಸಾಲು. ಒಬ್ಬರ ಕೈಯಲ್ಲಿ ಬೆಕ್ಕು, ಇನ್ನೊಬ್ಬರ ಕಂಕುಳಲ್ಲಿ ಕುಂಟುವ ಹುಂಜ. ಎಲ್ಲರಿಗಿಂತ ಮುಂದೆ ತಮ್ಮ ನಾಯಿಯನ್ನು ಹಿಡಿದುಕೊಂಡು ಅನಂತಲಕ್ಷ್ಮಮ್ಮ.

"ನಮ್ಮ ಟೈಗರ್‌ಗೆ ನಾಳೆ ಹುಚ್ಚುನಾಯಿ ರೋಗದ್ದು ಇಂಜೆಕ್ಷನ್ ಇದೆ. ನೀವೇ ಹಿಡ್ಕೊಂಡ್ರೆ ಸರಿ. ನಿಮ್ಮ ತಾಯಿ ಆಗ್ಲೇ ಒಪ್ಪಿದಾರೆ!"

"ಒಪ್ಪೀನಪ್ಪ," ಎಂದಳು ಬಸವ್ವ ಹೆಮ್ಮೆಯಿಂದ. "ನನ್ನ ಮಗನ ಕೈಯಾಗ ಅಂಥಾ ಗುಣ ಐತಿ."

ರೇವಣಸಿದ್ದಪ್ಪ ಹಾಗೇ ಗೋಡೆಗೆ ಒರಗಿ ಮತ್ತೆ ಕುಸಿದ. ಈ ಸಲ ಅವನ ಕೈಗೆ ಅನಂತಲಕ್ಷ್ಮಮ್ಮ ಆಗಲೇ ಟೈಗರನ ಸರಪಳಿ ಕೊಟ್ಟಾಗಿತ್ತು. ಅದನ್ನೂ ಅವನು ಬಿಡಲಿಲ್ಲ.