ನಾನು ಹಾಕದೆ ಬಿಟ್ಟ ಗೇಟು

ನಕ್ಷೆ ಓದುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ನಂಬಿಕೆ ನನಗೆ ಮೊದಲಿನಿಂದಲೂ ಇತ್ತು. ಆದ್ದರಿಂದ ಮದುವೆಯ ಹನ್ನೆರಡನೇ ವಾರ್ಷಿಕೋತ್ಸವಕ್ಕೆ ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ ಎದ್ದಾಗ ಪ್ರವಾಸದ ಸಂಪೂರ್ಣ ಹೊಣೆಯನ್ನು ನಾನೇ ಹೊತ್ತುಕೊಂಡೆ. ಹೆಂಡತಿ ಶೈಲಾಗೆ ಶುಗರ್ ಲ್ಯಾಂಡ್ ಎಂಬ ಊರಿನಲ್ಲಿರುವ ಅಕ್ಕನ ಮನೆಗೆ ಹೋಗಿ ಎರಡು ದಿನ ಆರಾಮಾಗಿ ಇದ್ದು ಬರುವ ಆಸೆ. ನಾನು ಒಪ್ಪಲಿಲ್ಲ. ಟೆಕ್ಸಸ್‌ಗೆ ಬಂದು ಒಂಬತ್ತು ವರ್ಷವಾದರೂ ಆಸ್ಟಿನ್ನಿನ ಮನೆ, ಡೊಮೇನ್ ಮಾಲ್ ಪಕ್ಕದ ಆಫೀಸು, ಡಾಲಸ್ಸಿನ ಸ್ನೇಹಿತರ ಗೃಹಪ್ರವೇಶಗಳು, ಇಷ್ಟನ್ನೇ ಕಂಡಿದ್ದೇವೆ. ನಿಜವಾದ ಟೆಕ್ಸಸ್ ಇರುವುದು ಪಶ್ಚಿಮದ ಸಣ್ಣ ಊರುಗಳಲ್ಲಿ ಎಂದು ಊಟದ ಮಧ್ಯೆ ಒಂದು ಭಾಷಣವನ್ನೇ ಮಾಡಿದೆ. ಶೈಲಾ ಗದಗದ ಹತ್ತಿರದ ಹಳ್ಳಿಯವಳು. ಬಯಲು, ಬಿಸಿಲು, ಧೂಳು ನೋಡಲು ಯಾರಾದರೂ ಇಷ್ಟು ದೂರ ಹೋಗುತ್ತಾರೆಯೇ ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ದಾರಿಗೆ ಚಪಾತಿ ಲಟ್ಟಿಸಲು ಎದ್ದಳು.

ಮೊದಲ ದಿನ ಎಲ್ಲವೂ ಯೋಜನೆಯಂತೆ ನಡೆಯಿತು. ಊರುಗಳು ಬಂದವು, ಹೋದವು. ಊರು ಎಂದರೆ ಒಂದು ಪೆಟ್ರೋಲ್ ಬಂಕು, ಒಂದು ಚರ್ಚು, ಬೀಗ ಜಡಿದ ಒಂದು ಅಂಗಡಿ. ಒಂದು ಊರಿನಲ್ಲಿ ಫೋಟೋ ತೆಗೆಯಲೆಂದು ಕ್ಯಾಮೆರಾ ಹುಡುಕುವಷ್ಟರಲ್ಲಿ ಊರೇ ಮುಗಿದುಹೋಗಿತ್ತು. ನಾನು ಮಾತ್ರ ಪ್ರತಿ ಊರನ್ನೂ ಅದ್ಭುತ ಎಂದೆ.

ಎರಡನೇ ದಿನ ಬೆಳಿಗ್ಗೆ ಫೋನಿನ ಸಿಗ್ನಲ್ ಸತ್ತಿತು. ನಾನು ಇಂಥ ಕ್ಷಣಕ್ಕೆಂದೇ ಪ್ರಿಂಟ್ ಮಾಡಿ ತಂದಿದ್ದ ನಕ್ಷೆಯನ್ನು ಸಂಭ್ರಮದಿಂದ ಬಿಡಿಸಿದೆ. ಹೆದ್ದಾರಿ ಸುತ್ತು ಹಾಕಿಕೊಂಡು ಮುಂದಿನ ಊರಿಗೆ ಹೋಗುತ್ತಿತ್ತು. ಆದರೆ ನಡುವೆ ಕೂದಲೆಳೆಯಷ್ಟು ಸಣ್ಣದೊಂದು ಗೆರೆ ನೇರವಾಗಿ ಓಡುತ್ತಿತ್ತು. ಅದನ್ನು ಶಾರ್ಟ್‌ಕಟ್ ಎಂದು ಘೋಷಿಸಿ ಕಾರು ತಿರುಗಿಸಿದೆ.

ಗೆರೆ ನೇರವಾಗಿ ಹೆದ್ದಾರಿಯ ಪಕ್ಕದಲ್ಲೇ ಇದ್ದ ಒಂದು ಕಬ್ಬಿಣದ ಗೇಟಿನ ಮುಂದೆ ನಿಂತಿತು. ಗೇಟಿಗೆ ಬೀಗವಿರಲಿಲ್ಲ, ಬರೀ ಸರಪಳಿ. ದಯವಿಟ್ಟು ಗೇಟು ಹಾಕಿ ಎಂಬ ಬೋರ್ಡು. ಮಂದಿ ಜಮೀನಿನೊಳಗೆ ನಾವೇಕೆ ನುಗ್ಗಬೇಕು ಎಂದು ಶೈಲಾ ತಕರಾರು ತೆಗೆದಳು. ಬೇರೆಯವರು ಬರಬಾರದು ಎಂದಿದ್ದರೆ ಬೀಗ ಹಾಕಿರುತ್ತಿದ್ದರು ಎಂದು ನಾನು ತರ್ಕಬದ್ಧವಾಗಿ ವಿವರಿಸಿ, ಇಳಿದು ಗೇಟು ತೆಗೆದು, ಕಾರನ್ನು ಒಳಗೆ ತಂದೆ.

"ರೀ, ಗೇಟ್ ಹಾಕ್ಕೊಂಡ ಬರ್ರಿ" ಎಂದಳು ಶೈಲಾ.

ಹೊರಗೆ ಬೆಂಕಿಯಂಥ ಬಿಸಿಲು. ಒಳಗೆ ಎ.ಸಿ. ಸೀಟ್ ಬೆಲ್ಟ್ ಬೇರೆ ಹಾಕಿಕೊಂಡಾಗಿತ್ತು. "ನಲವತ್ತು ಮೈಲಿ ಸುತ್ತಳತೆಯಲ್ಲಿ ಒಂದು ನರಪಿಳ್ಳೆ ಇಲ್ಲ ಕಣೇ, ಯಾರು ನೋಡ್ತಾರೆ" ಎಂದು ಮುಂದೆ ಹೊರಟೆ. ನರಪಿಳ್ಳೆ ಇರಲಿಲ್ಲ ಎಂಬ ಮಾತು ನಿಜವೇ. ದನಗಳಿದ್ದವು.

ಇನ್ನೂರು ಗಜ ಹೋಗುವಷ್ಟರಲ್ಲಿ ನಾಲ್ಕು ದನಗಳು ದಾರಿಗಡ್ಡ ನಿಂತಿದ್ದವು. ಎರಡೂ ಕಡೆ ಚಾಚಿಕೊಂಡ ಅವುಗಳ ಕೊಂಬು ನಮ್ಮ ಕಾರಿನ ಅಗಲಕ್ಕೇ ಪೈಪೋಟಿ ಕೊಡುವಂತಿತ್ತು. ನಾನು ನಾಗರಿಕನಂತೆ ಒಮ್ಮೆ ಹಾರ್ನ್ ಹೊಡೆದೆ. ನಾಲ್ಕೂ ತಲೆಯೆತ್ತಿ ನೋಡಿದವು. ಇನ್ನೊಮ್ಮೆ, ಸ್ವಲ್ಪ ಉದ್ದಕ್ಕೆ ಹೊಡೆದೆ. ಆಗ ಪೊದೆಗಳ ಹಿಂದಿನಿಂದ, ದಿಣ್ಣೆಯ ಆಚೆಯಿಂದ, ಎಲ್ಲೆಲ್ಲಿಂದಲೋ ದನಗಳು ಓಡೋಡಿ ಬಂದವು. ನಾನು ಗಾಬರಿಯಿಂದ ಹಾರ್ನ್ ಮೇಲಿನ ಕೈ ತೆಗೆಯುವುದನ್ನೇ ಮರೆತೆ.

"ಹಾರ್ನ್ ಬಿಡ್ರಿ ಮೊದ್ಲ! ಹಾರ್ನ್ ಕೇಳಿ ಮೇವಿನ ಗಾಡಿ ಬಂತು ಅಂತ ತಿಳದಾವ ಅವು."

ಆ ಮಾತು ತಲೆಗೆ ಹೋಗುವ ಮೊದಲೇ ನಾನು ರಿವರ್ಸ್ ಹಾಕಿದ್ದೆ. ಕಾರು ಹಿಂದಕ್ಕೆ ಹೋಯಿತು. ದನಗಳು ಮುಂದಕ್ಕೆ ಬಂದವು. ನಾನು ವೇಗ ಹೆಚ್ಚಿಸಿದೆ, ಅವೂ ಹೆಚ್ಚಿಸಿದವು. ಹೀಗೆ ತೆರೆದ ಗೇಟಿನಿಂದ ಮೊದಲು ನಾವು, ಹಿಂದೆಯೇ ಸುಮಾರು ಮೂವತ್ತು ದನಗಳು ಮೆರವಣಿಗೆಯಲ್ಲಿ ಹೆದ್ದಾರಿಗೆ ಬಂದೆವು. ದೂರದಲ್ಲಿ ಒಂದು ದೊಡ್ಡ ಟ್ಯಾಂಕರ್ ಲಾರಿ ಬರುತ್ತಿತ್ತು.

ಮುಂದೇನು ಎಂದು ನಾನು ಯೋಚಿಸುವಷ್ಟರಲ್ಲಿ ಶೈಲಾ ಕಾರಿನಿಂದಿಳಿದು, ರಸ್ತೆಯ ನಡುವೆ ನಿಂತು ತನ್ನ ಕೆಂಪು ದುಪಟ್ಟಾ ಬೀಸುತ್ತಿದ್ದಳು. ಪುಣ್ಯಕ್ಕೆ ಲಾರಿ ನಿಂತಿತು. ಅವಳು ತಿರುಗಿ ಬಂದು ನನ್ನ ಬಾಗಿಲು ತೆಗೆದಳು. "ಇಳೀರಿ" ಎಂದಳು. ಹನ್ನೆರಡು ವರ್ಷದಲ್ಲಿ ಅವಳು ಅಷ್ಟು ಚಿಕ್ಕದಾಗಿ ಮಾತಾಡಿದ್ದು ನಾನು ಕೇಳಿರಲಿಲ್ಲ. ಇಳಿದೆ. ನಾನು ಮಾಡಬೇಕಾದ ಕೆಲಸ ಒಂದೇ ಎಂದು ತಿಳಿಸಿದಳು: ದನಗಳೆಲ್ಲ ಒಳಗೆ ಹೋದ ಮೇಲೆ ಗೇಟು ಹಾಕುವುದು.

ಅವಳು ಹಾರ್ನ್ ಹೊಡೆಯುತ್ತಾ ನಿಧಾನವಾಗಿ ಕಾರನ್ನು ಗೇಟಿನೊಳಗೆ ನಡೆಸಿದಳು. ದನಗಳು ಶಾಲೆಯ ಮಕ್ಕಳಂತೆ ಸಾಲಾಗಿ ಹಿಂಬಾಲಿಸಿದವು. ನಾನು ಬಲು ಚುರುಕಿನಿಂದ ಗೇಟೆಳೆದು ಸರಪಳಿ ಸಿಕ್ಕಿಸಿದೆ. ಹೆಂಡತಿ ಒಳಗೆ, ದನಗಳು ಒಳಗೆ. ತೃಪ್ತಿಯಿಂದ ತಿರುಗಿ ನೋಡಿದರೆ ಹೊರಗೆ ನಾನು ಮತ್ತು ಒಂದು ಭಯಂಕರ ಗೂಳಿ.

ಅದು ನನ್ನ ಕಡೆಗೆ ಬಂತು. ನಾನು ಗೇಟು ಹತ್ತಿದೆ.

ಹಾರ್ನಿನ ಸದ್ದು ಕೇಳಿ ಜಮೀನಿನ ಒಡತಿ ಡಾರ್ಲೀನ್ ತನ್ನ ಪಿಕಪ್ ಟ್ರಕ್ಕಿನಲ್ಲಿ ಬಂದಾಗ ಕಂಡ ದೃಶ್ಯ ಇದು: ಗೇಟಿನ ತುದಿಯಲ್ಲಿ ಕಂಬವನ್ನು ತಬ್ಬಿ ಕುಳಿತ ಒಬ್ಬ ಸಾಫ್ಟ್‌ವೇರ್ ಆರ್ಕಿಟೆಕ್ಟ್, ಅವನ ಬೂಟು ನೆಕ್ಕುತ್ತಿರುವ ಒಂದು ಪ್ರಾಣಿ. ಗೂಳಿಯನ್ನು ಸ್ವಲ್ಪ ಹಿಡಿದುಕೊಳ್ಳಿ ಎಂದು ನಾನು ಅಂಗಲಾಚಿದೆ. ಎಪ್ಪತ್ತು ದಾಟಿದ ಆ ಹೆಂಗಸು ಇಳಿದು ಅದರ ಕಿವಿ ಕೆರೆದಳು. ಒಳಗಿನಿಂದ ಶೈಲಾ ಕೂಗಿ ಹೇಳಿದಳು: "ಹೋರಿ ಅಲ್ಲರೀ ಅದು, ಆಕಳ. ಮುದಿ ಆಕಳ ಅದ, ಇಳೀರಿ."

ಇಲ್ಲಿನ ತಳಿಯಲ್ಲಿ ಹಸುಗಳಿಗೂ ಅಂಥ ಕೊಂಬಿರುತ್ತದಂತೆ. ಡಾರ್ಲೀನ್ ಗೇಟು ತೆಗೆದಳು, ಹಸು ಗಂಭೀರವಾಗಿ ಒಳಗೆ ಹೋಯಿತು. ಅವಳು ದನಗಳನ್ನೆಲ್ಲ ಎಣಿಸಿ, ಲೆಕ್ಕ ಸರಿಯಿದೆ ಎಂದು ನಿಟ್ಟುಸಿರುಬಿಟ್ಟು, ಬೋರ್ಡಿನ ಇಂಗ್ಲಿಷ್ ನನಗೆ ಕಷ್ಟವಾಯಿತೇ ಎಂದು ಮರ್ಯಾದೆಯಿಂದಲೇ ಕೇಳಿದಳು. ಹೌದು ಎಂದರೆ ಅವಮಾನ, ಇಲ್ಲ ಎಂದರೆ ಇನ್ನೂ ಅವಮಾನ. ಕ್ಷಮೆ ಕೇಳಿ ತಲೆ ತಗ್ಗಿಸಿದೆ. ನನ್ನ ಶಾರ್ಟ್‌ಕಟ್ ಎಲ್ಲಿಗೆ ಹೋಗುತ್ತದೆಂದು ವಿಚಾರಿಸಿದಾಗ ಅದು ದನಗಳ ನೀರಿನ ತೊಟ್ಟಿಯವರೆಗೆ ಹೋಗುತ್ತದೆ ಎಂದು ತಿಳಿಯಿತು. ಶೈಲಾ ತನ್ನ ಅಜ್ಜನ ಎಮ್ಮೆಗಳ ವಿಷಯ ಹೇಳಿದಳು. ಇಬ್ಬರೂ ಅರ್ಧ ಗಂಟೆ ಮಾತಾಡಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಶೈಲಾಳೇ ಡ್ರೈವ್ ಮಾಡಿ ಹೆದ್ದಾರಿಯಲ್ಲಿ ಮುಂದಿನ ಊರು ತಲುಪಿಸಿದಳು. ಅಲ್ಲಿದ್ದ ಒಂದೇ ಹೋಟೆಲಿಗೆ ಹೋದಾಗ ಕಾಫಿ ತಂದ ಹೆಂಗಸು ಶೈಲಾಳ ಕೆಂಪು ದುಪಟ್ಟಾ ನೋಡಿ ಮುಖ ಅರಳಿಸಿ, ಲಾರಿಯವನು ಆಗಲೇ ಬಂದು ಹೋಟೆಲಿನಲ್ಲಿದ್ದವರಿಗೆಲ್ಲ ನಡೆದದ್ದನ್ನು ಹೇಳಿದ ಎಂದಳು. ಶೈಲಾಗೆ ಹೋಟೆಲಿನ ವತಿಯಿಂದ ಒಂದು ದೊಡ್ಡ ತುಂಡು ಪೀಚ್ ಹಣ್ಣಿನ ಪೈ ಬಂತು. ನನಗೆ ಅದರಲ್ಲಿ ಕಾಲು ಭಾಗ ಸಿಕ್ಕಿತು, ಅದೂ ಅವಳ ಹೊಟ್ಟೆ ತುಂಬಿದ್ದರಿಂದ. ಹೊರಡುವಾಗ ನಾನು ಬಾಗಿಲಿಗೆ ಕೈ ಹಾಕುತ್ತಿದ್ದಂತೆ ಮೂಲೆಯ ಮೇಜಿನಲ್ಲಿದ್ದ ಹ್ಯಾಟಿನ ಅಜ್ಜ ಮೊಣಕಾಲು ಹಿಡಿದುಕೊಂಡು ಕಷ್ಟಪಟ್ಟು ಎದ್ದು ಬಂದ. ನನ್ನ ಭುಜದ ಮೇಲೆ ಮೃದುವಾಗಿ ಕೈಯಿಟ್ಟು ಹೇಳಿದ:

"ನೀನು ಹೋಗಪ್ಪ. ಬಾಗಿಲು ನಾನೇ ಹಾಕ್ಕೋತೀನಿ."