ವೀಸಾ ಮತ್ತು ಮಿಕ್ಕ ಸ್ಕ್ರೂ

ಮೊದಲೇ ಹೇಳಿಬಿಡುತ್ತೇನೆ. ಕುರ್ಚಿಯೊಂದನ್ನು ಬಿಚ್ಚಿ, ರಿಪೇರಿ ಮಾಡಿ, ಮತ್ತೆ ಜೋಡಿಸಿದ ಮೇಲೆ ಕೈಯಲ್ಲಿ ಒಂದೆರಡು ಸ್ಕ್ರೂ ಮಿಕ್ಕರೆ ಅದು ರಿಪೇರಿ ಮಾಡಿದವನ ತಪ್ಪಲ್ಲ. ಕಂಪನಿಯವರು ಹೆಚ್ಚಿಗೆ ಹಾಕಿರುತ್ತಾರೆ. ಈ ಮಾತನ್ನು ನಾನು ಮದುವೆಯಾದ ಹೊಸದರಲ್ಲಿ ಹೇಳಿದ್ದೆ. ಪರದೇಶದ ಅಧಿಕಾರಿಗಳ ಮುಂದೆ ನೆಲದ ಮೇಲೆ ಅಂಗಾತ ಬಿದ್ದುಕೊಂಡು ಹೇಳಿದ್ದೆ. ಈಗಲೂ ಹೇಳುತ್ತೇನೆ. ನಂಬುವವರು ನಂಬಲಿ, ಬಿಡುವವರು ಬಿಡಲಿ.

ನನ್ನದು ಕುರ್ಚಿ ಮೇಜು ರಿಪೇರಿ ಮಾಡುವ ಅಂಗಡಿ. (ಬೋರ್ಡಿನ ಮೇಲೆ ‘ಪೀಠೋಪಕರಣ ಪುನರುಜ್ಜೀವನ ಕೇಂದ್ರ’ ಎಂದು ಬರೆಸಿದ್ದೆ. ಅದನ್ನು ಓದಿ ಹಿರಿಯರೊಬ್ಬರು ತಮ್ಮ ಮಂಡಿನೋವಿಗೆ ಔಷಧಿ ಕೇಳಿಕೊಂಡು ಬಂದಿದ್ದರು.) ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಪರದೆಯ ಆ ಕಡೆ ನನ್ನ ಹೆಂಡತಿ. ಅವಳಿಗೊಂದು ಚಟ. ನಾನು ಜೋಡಿಸಿಟ್ಟ ಯಾವ ಕುರ್ಚಿಯನ್ನೂ ಹಾಗೇ ಗಿರಾಕಿಗೆ ಕೊಡಲು ಬಿಡುವವಳಲ್ಲ. “ಇರ್ರೀ, ಒಂಚೂರು ಧೂಳು ಒರೆಸಿ ಕೊಡ್ತೀನಿ” ಎಂದು ಪರದೆಯ ಹಿಂದಕ್ಕೆ ಎಳೆದುಕೊಂಡು ಹೋಗುತ್ತಾಳೆ. ನಾನೂ ಗಿರಾಕಿಯೂ ಒಂದೊಂದು ಲೋಟ ಕಾಫಿ ಕುಡಿದು, ಊರಿನ ರಾಜಕೀಯವನ್ನೆಲ್ಲ ಸರಿಪಡಿಸಿ ಮುಗಿಸಿದ ಮೇಲೆ ಕುರ್ಚಿ ಹೊರಗೆ ಬರುತ್ತದೆ. ಅಷ್ಟು ಹೊತ್ತು ಒರೆಸುವಂಥ ಧೂಳು ಯಾವುದೆಂದು ನಾನು ಕೇಳಿದವನಲ್ಲ. ಕೆಲವರಿಗೆ ಶುಚಿತ್ವದ ಹುಚ್ಚು ಇರುತ್ತದೆ ಎಂದು ಸುಮ್ಮನಿದ್ದೆ.

ಮಿಕ್ಕ ಸ್ಕ್ರೂಗಳನ್ನು ನಾನು ಬಿಸಾಡುವುದಿಲ್ಲ, ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕುತ್ತೇನೆ. ವಿಚಿತ್ರವೆಂದರೆ ಇಷ್ಟು ವರ್ಷ ಹಾಕುತ್ತಾ ಬಂದರೂ ಆ ಡಬ್ಬಿ ತುಂಬಿದ್ದೇ ಇಲ್ಲ. ಅಕ್ಷಯಪಾತ್ರೆ ಎಂದರೆ ಎಷ್ಟು ತೆಗೆದರೂ ಮುಗಿಯದ್ದು. ನಮ್ಮದು ಎಷ್ಟು ಹಾಕಿದರೂ ತುಂಬದ್ದು. ಹೆಂಡತಿಗೆ ಹೇಳಿದರೆ “ತುಕ್ಕು ಹಿಡಿದು ಉದುರಿ ಹೋಗಿರುತ್ತೆ ಬಿಡ್ರೀ” ಎನ್ನುತ್ತಿದ್ದಳು.

ಹೀಗಿರಲು ಒಂದು ದಿನ, ಗಿರಾಕಿಯೊಬ್ಬರು ಸ್ಟೂಲನ್ನು ಸುತ್ತಿ ತಂದಿದ್ದ ಹಳೆಯ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಕಣ್ಣಿಗೆ ಬಿತ್ತು. ಯಾವುದೋ ಒಂದು ಪರದೇಶದವರು ಉದ್ಯಮಿಗಳನ್ನು ಕರೆಯುತ್ತಿದ್ದರು. ಯಾರೂ ಮಾಡದ ಹೊಸ ಐಡಿಯಾ ಇದ್ದರೆ ಬನ್ನಿ, ನಮ್ಮಲ್ಲಿ ಬಿಸಿನೆಸ್ ಶುರು ಮಾಡಿ, ನಿಮಗೂ ನಿಮ್ಮ ಕುಟುಂಬಕ್ಕೂ ವೀಸಾ ಕೊಡುತ್ತೇವೆ ಎಂದಿತ್ತು. ನಾನು ಸ್ಟೂಲಿನತ್ತ ನೋಡಿದೆ. ಕೈಯಲ್ಲಿ ಮಿಕ್ಕಿದ್ದ ಸ್ಕ್ರೂವಿನತ್ತ ನೋಡಿದೆ. ಥಟ್ಟನೆ ಹೊಳೆಯಿತು.

“ಲೇ, ಬಾರೇ ಇಲ್ಲಿ! ನಾನು ರಿಪೇರಿ ಮಾಡಿದ ಕುರ್ಚಿ ಯಾವತ್ತಾದ್ರೂ ಮುರಿದು ವಾಪಸ್ ಬಂದಿದೆಯಾ?”

“ಇಲ್ಲ.”

“ಪ್ರತಿ ಸಲ ಸ್ಕ್ರೂ ಮಿಕ್ಕಿದೆಯಾ ಇಲ್ವಾ?”

“ಮಿಕ್ಕಿದೆ.”

“ಹಾಗಂದ್ರೆ ಏನರ್ಥ?”

“ಬೇಡ ಬಿಡಿ. ಹೇಳಿದ್ರೆ ನಿಮಗೆ ಬೇಜಾರಾಗುತ್ತೆ.”

“ಬೇಜಾರು ಯಾಕೆ? ಪ್ರಪಂಚದಲ್ಲಿರೋ ಅರ್ಧ ಸ್ಕ್ರೂ ದಂಡ ಅಂತ ಅರ್ಥ! ಅಷ್ಟು ಕಬ್ಬಿಣ, ಅಷ್ಟು ಜನರ ಮಣಿಕಟ್ಟಿನ ನೋವು, ಎಲ್ಲಾ ಉಳಿಸೋ ಐಡಿಯಾ ನನ್ನ ಹತ್ರ ಇದೆ. ಹೆಸರು ‘ಮಿತಸ್ಕ್ರೂ ಆಸನ ವ್ಯವಸ್ಥೆ’!”

ಅವಳು ಸ್ಟೂಲನ್ನು ಎತ್ತಿಕೊಂಡು ಧೂಳು ಒರೆಸಲು ಹೋದಳು.

ಅರ್ಜಿ ಹಾಕಿದೆ. ಸಂದರ್ಶನಕ್ಕೆ ಕರೆಯೂ ಬಂತು. ಉದ್ಯಮಿಯಾದವನು ತನ್ನ ಪೂರ್ಣ ಸಮಯವನ್ನು ಹೊಸ ಉದ್ಯಮಕ್ಕೇ ಕೊಡಲು ಸಿದ್ಧನಿರಬೇಕು ಎಂದು ಅವರ ನಿಯಮಗಳಲ್ಲಿ ಒಂದು ಸಾಲಿತ್ತು. ಅದನ್ನು ಓದಿದವನೇ ನಾನು ಅಂಗಡಿಯನ್ನು ಬಾಮೈದನಿಗೆ ವಹಿಸಿಕೊಟ್ಟುಬಿಟ್ಟೆ. ಸೋಫಾ ಮಾರುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಅವನು ಅಂದೇ ಆ ಕೆಲಸ ಬಿಟ್ಟು ಬಂದು, ಮೊದಲು ನನ್ನ ಬೋರ್ಡು ಇಳಿಸಿ ‘ಕುರ್ಚಿ ರಿಪೇರಿ’ ಎಂದು ಮೊಂಡುಮೊಂಡಾಗಿ ಬರೆಸಿದ.

“ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ” ಎಂದಳು ಹೆಂಡತಿ. “ವೀಸಾ ಸಿಗದೇ ಹೋದ್ರೆ ಏನ್ರೀ ಗತಿ?”

“ಭಾವನಿಗೆ ಒಂದು ಸ್ಟೂಲ್ ಹಾಕಿರ್ತೀನಿ ಬಿಡಕ್ಕಾ” ಎಂದ ಬಾಮೈದ. “ಬಂದವರಿಗೆ ನೀರು ಗೀರು ಕೊಟ್ಕೊಂಡು ಇರಲಿ. ಆದ್ರೆ ಭಾವ, ಒಂದು ಮಾತು. ವೀಸಾ ಕೊಡೋ ಸಾಹೇಬರೂ ಕುರ್ಚಿ ಮೇಲೇ ಕೂರೋದು. ಅದೊಂದು ನೆನಪಿರಲಿ.”

ನೋಡಿದಿರಾ ಅವನ ನಾಲಿಗೆ! ನನ್ನದೇ ಅಂಗಡಿಯಲ್ಲಿ, ನನ್ನದೇ ಪರದೆಯ ಮುಂದೆ, ಇವನ ಕೈಕೆಳಗೆ ನೀರು ಕೊಟ್ಟುಕೊಂಡು ಕೂರುವುದೇ? ಸತ್ತರೂ ಇಲ್ಲ. ವೀಸಾ ತಂದೇ ತರುತ್ತೇನೆ, ತಂದ ದಿನ ಅದನ್ನು ಇವನ ಮೂಗಿನ ಕೆಳಗೆ ಹಿಡಿಯುತ್ತೇನೆ ಎಂದು ಅಲ್ಲೇ ಶಪಥ ಮಾಡಿದೆ.

ಸಂದರ್ಶನದಲ್ಲಿ ತೋರಿಸಲೆಂದು ಒಂದು ಗಟ್ಟಿ ಕುರ್ಚಿಯನ್ನು ಆರಿಸಿ, ಕೀಲು ಕೀಲಿಗೂ ಒಂದೇ ಒಂದು ಸ್ಕ್ರೂ ಉಳಿಸಿ ಮಿಕ್ಕವನ್ನೆಲ್ಲ ಬಿಚ್ಚಿ ಡಬ್ಬಿಗೆ ಹಾಕಿದೆ. ಹೊರಡುವ ದಿನ ಬೆಳಿಗ್ಗೆ ಸ್ನಾನದ ಮನೆಯಲ್ಲಿ ಭಾಷಣವನ್ನು ಗಟ್ಟಿಯಾಗಿ ಅಭ್ಯಾಸ ಮಾಡಿ ಹೊರಗೆ ಬಂದರೆ, ಹೆಂಡತಿ ಕುರ್ಚಿಗೆ ಹಾಸಿಗೆಯ ಚಾದರ ಸುತ್ತಿ ಸಿದ್ಧವಾಗಿ ಇಟ್ಟಿದ್ದಳು.

“ಧೂಳು ಒರೆಸಿದೀನಿ” ಎಂದಳು.

ಬಾಯಲ್ಲಿ ಎಷ್ಟೇ ಚುಚ್ಚಿದರೂ ನನ್ನ ಏಳಿಗೆ ಅವಳಿಗೂ ಬೇಕು ಅನ್ನಿಸಿತು.

ಕುಟುಂಬವನ್ನೂ ಕರೆತರಬೇಕೆಂದಿದ್ದರಿಂದ ಅವಳೂ ಜೊತೆಗೆ ಹೊರಟಳು. ಬಸ್ಸಿನಲ್ಲಿ ಕಂಡಕ್ಟರ್ ಕುರ್ಚಿಗೂ ಟಿಕೆಟ್ ಕೇಳಿದ. “ಟಿಕೆಟ್ ಕೊಂಡ ಮೇಲೆ ಅದರ ಮೇಲೇ ಕೂರ್ತೀನಿ” ಎಂದು ನಡುದಾರಿಯಲ್ಲಿ ಹಾಕಿಕೊಂಡು ಕೂತುಬಿಟ್ಟೆ. ಬಸ್ಸು ಎಷ್ಟು ಎತ್ತಿ ಹಾಕಿದರೂ ಕುರ್ಚಿ ಕಿರ್ ಎನ್ನಲಿಲ್ಲ. “ನೋಡಿದೆಯಾ?” ಎಂದು ಹೆಂಡತಿಯತ್ತ ಹುಬ್ಬು ಹಾರಿಸಿದೆ. “ನೋಡ್ದೆ ನೋಡ್ದೆ” ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ವೀಸಾ ಕಚೇರಿಯ ಬಾಗಿಲಲ್ಲಿ ಕಾವಲಿನವನು ನನ್ನ ಜೇಬಿನ ಸ್ಕ್ರೂಡ್ರೈವರ್ ಕಿತ್ತುಕೊಳ್ಳಲು ನೋಡಿದ. “ಪ್ರಾತ್ಯಕ್ಷಿಕಾ ಸಾಧನ” ಎಂದೆ. ಅಷ್ಟು ದೊಡ್ಡ ಪದಕ್ಕೆ ಬೆದರಿ ಬಿಟ್ಟುಬಿಟ್ಟ. ಒಳಗೆ ಕಾಯುವವರಿಗೆಂದು ಹಾಕಿದ್ದ ಕುರ್ಚಿಗಳನ್ನು ನೆಲಕ್ಕೇ ಬೋಲ್ಟು ಹಾಕಿ ಬಿಗಿದಿದ್ದರು. ಎಂಥ ದುಂದುಗಾರಿಕೆ! ಈ ದೇಶಕ್ಕೆ ನನ್ನ ಅವಶ್ಯಕತೆ ಎಷ್ಟಿದೆ ಎಂಬುದು ಅಲ್ಲೇ ಖಾತ್ರಿಯಾಯಿತು.

ಸಂದರ್ಶನ ಮಾಡುವವರು ಇಬ್ಬರು. ಒಬ್ಬರು ಟೈ ಕಟ್ಟಿದ ಭಾರಿ ಸಾಹೇಬರು, ಇನ್ನೊಬ್ಬರು ಕನ್ನಡಕವನ್ನು ಸರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದ ಮೇಡಂ. ಇಬ್ಬರಿಗೂ ನಮ್ಮ ಭಾಷೆ ಚೆನ್ನಾಗಿ ಬರುತ್ತಿತ್ತು. (ಇಲ್ಲ ಎನ್ನಲು ಅನುಕೂಲವಾಗಲಿ ಎಂದು ಕಲಿತಿರಬೇಕು.) ನಾನು ಸ್ನಾನದ ಮನೆಯ ಭಾಷಣವನ್ನು ಒಂದಕ್ಷರ ಬಿಡದೆ ಒಪ್ಪಿಸಿ, ಚಾದರವನ್ನು ಸರ್ರನೆ ಎಳೆದು, “ದಯಮಾಡಿ ಆಸೀನರಾಗಬೇಕು” ಎಂದು ಸಾಹೇಬರಿಗೆ ಕೈ ತೋರಿಸಿದೆ.

ಸಾಹೇಬರು ಮೊದಲು ತುದಿಯಲ್ಲಿ ಕೂತರು. ಆಮೇಲೆ ಪೂರ್ತಿ ಕೂತರು. ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು, ಎದ್ದು ಧೊಪ್ಪನೆ ಕೂತರು. ಕುರ್ಚಿ ಬಂಡೆಗಲ್ಲು!

“ಭಲೇ” ಎಂದರು ಸಾಹೇಬರು. “ಎಷ್ಟು ಸ್ಕ್ರೂ ಕಡಿಮೆ ಮಾಡಿದೀರಿ, ತೋರಿಸಿ.”

ನಾನು ಜಾದೂಗಾರನ ಠೀವಿಯಲ್ಲಿ ಕುರ್ಚಿಯನ್ನು ಮಗುಚಿದೆ. ಮಗುಚಿದವನು ಹಾಗೇ ನಿಂತೆ. ಒಂದು ತೂತೂ ಖಾಲಿಯಿರಲಿಲ್ಲ. ಎಲ್ಲದರಲ್ಲೂ ಒಂದೊಂದು ಸ್ಕ್ರೂ ಬಿಗಿಯಾಗಿ ಕೂತು ನನ್ನನ್ನೇ ನೋಡುತ್ತಿತ್ತು.

“ಇದು ಮಾಮೂಲಿ ಕುರ್ಚಿ ಅಲ್ವೇನ್ರೀ?” ಎಂದರು ಸಾಹೇಬರು.

ನಾನು ಹೆಂಡತಿಯತ್ತ ತಿರುಗಿದೆ. ಅವಳು ಚಾವಣಿಯನ್ನು ನೋಡುತ್ತಿದ್ದಳು.

“ಏನೇ ಇದು?”

“ಹೇಳಿದ್ನಲ್ಲ. ಧೂಳು ಒರೆಸಿದೆ.”

“ಧೂಳು ಒರೆಸಿದ್ರೆ ಸ್ಕ್ರೂ ಹುಟ್ಟುತ್ತೇನೇ?”

“ನಮ್ಮ ಅಂಗಡೀಲಿ ಇಷ್ಟು ವರ್ಷದಿಂದ ಹುಟ್ತಾನೇ ಇದೆಯಲ್ಲ!” ಎಂದಳು. ಅಷ್ಟು ಹೇಳಿದ ಮೇಲೆ ಕಟ್ಟೆ ಒಡೆಯಿತು. “ಮತ್ತೇನ್ರೀ ಮಾಡ್ಲಿ? ನೀವು ಜೋಡಿಸೋದು, ನಾನು ಡಬ್ಬಿ ತಗೊಂಡು ಪರದೆ ಹಿಂದೆ ಕೂತು ಮಿಕ್ಕಿದ್ದನ್ನೆಲ್ಲ ಮತ್ತೆ ಹಾಕೋದು. ನೀವು ಬಿಟ್ಟ ಒಂದೊಂದು ಸ್ಕ್ರೂನೂ ಎಲ್ಲಿಂದ ಬಂದಿದ್ದು ಅಂತ ಹುಡುಕಿ ಹುಡುಕಿ ನನ್ನ ಕಣ್ಣು ಮಂಜಾಯ್ತು. ಇವತ್ತು ಹಾಗೇ ಬಿಟ್ಟಿದ್ರೆ ಈ ದೊಡ್ಡ ಮನುಷ್ಯರು ಸೊಂಟ ಮುರ್ಕೊಳ್ತಿದ್ರು. ಸೊಂಟ ಮುರಿದವರಿಗೆ ವೀಸಾ ಕೊಡ್ತಾರಾ, ಇಲ್ಲ ಬೇಡಿ ಹಾಕ್ತಾರಾ?”

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀವು ಕೇಳೋರಾ? ಕಂಪನಿಯವರು ಹೆಚ್ಚಿಗೆ ಹಾಕಿರ್ತಾರೆ ಅಂತಿದ್ರಿ.”

ಸುಳ್ಳೇಕೆ ಹೇಳಲಿ, ನನಗೆ ಅವಮಾನವಾಯಿತು. ಊರಲ್ಲಿ ಬಾಮೈದನ ಸ್ಟೂಲು ಕಾಯುತ್ತಿತ್ತು, ಇಲ್ಲಿ ಹೆಂಡತಿ ಪರದೇಶದವರ ಮುಂದೆ ನನ್ನ ಮಾನ ಹರಾಜಿಗಿಟ್ಟಿದ್ದಳು. ಬೇರೆ ಯಾರಾದರೂ ಆಗಿದ್ದರೆ ಚಾದರವನ್ನು ತಾವೇ ಹೊದ್ದುಕೊಂಡು ಹೊರಟುಬಿಡುತ್ತಿದ್ದರು. ನಾನು ಹಾಗೆ ಹೆದರಿ ಓಡುವ ಪೈಕಿಯಲ್ಲ. ಪ್ರಾತ್ಯಕ್ಷಿಕಾ ಸಾಧನವನ್ನು ಜೇಬಿನಿಂದ ಸೆಳೆದೆ. ಅವರೆಲ್ಲ ಬೇಡ ಬೇಡ ಎನ್ನುತ್ತಿದ್ದಂತೆ ಸ್ಕ್ರೂಗಳನ್ನು ಬಿಚ್ಚಿದೆ. ಕೀಲಿಗೊಂದು ಮಾತ್ರ ಉಳಿಸಿದೆ. (ಆವೇಶದಲ್ಲಿ ಒಂದು ಕೀಲಿಗೆ ಅದನ್ನೂ ಉಳಿಸಲಿಲ್ಲ ಎಂದು ಹೆಂಡತಿ ಆಮೇಲೆ ಹೇಳಿದಳು. ಅದಕ್ಕೆ ಆಧಾರವಿಲ್ಲ.) ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿ, ಕಾಲ ಮೇಲೆ ಕಾಲು ಹಾಕಿ ರಾಜಗಾಂಭೀರ್ಯದಿಂದ ಕೂತೆ.

ಕೂತದ್ದು ನೆನಪಿದೆ. ಆಮೇಲೆ ನನಗೆ ಕಂಡದ್ದು ಚಾವಣಿ. ಒಂದು ಕಾಲು ಸಾಹೇಬರ ಮೇಜಿನ ಕೆಳಗೆ ಉರುಳಿತು. (ಕುರ್ಚಿಯದು.)

“ಕಂಪನಿಯವರು ಹೆಚ್ಚಿಗೆ ಹಾಕಿರ್ತಾರೆ!” ಎಂದೆ ಚಾವಣಿಗೆ.

ಹೆಂಡತಿ ಓಡಿ ಬಂದು ನನ್ನ ತಲೆ, ಮೊಣಕೈ ಎಲ್ಲ ಮುಟ್ಟಿ ನೋಡಿದಳು. “ವಾದ ಮಾಡ್ತಿದಾರೆ, ಹಾಗಿದ್ರೆ ಏನೂ ಆಗಿಲ್ಲ” ಎಂದು ಅವರಿಗೆ ಹೇಳಿ, ನನ್ನನ್ನು ಅಲ್ಲೇ ಬಿಟ್ಟು ಕುರ್ಚಿಯ ಆರೈಕೆಗೆ ಕೂತಳು. ಚೆಲ್ಲಿದ್ದ ಸ್ಕ್ರೂಗಳನ್ನು ಸೆರಗಿಗೆ ಬಳಿದುಕೊಂಡು, ಒಂದೊಂದನ್ನೂ ಅದರದರ ಜಾಗದಲ್ಲಿ ಕೂರಿಸುತ್ತಾ ಹೋದಳು. ಕುರ್ಚಿ ಎದ್ದು ನಿಂತಿತು. ನಾನಿನ್ನೂ ಎದ್ದಿರಲಿಲ್ಲ.

ಅಲ್ಲಿಯವರೆಗೆ ಸುಮ್ಮನಿದ್ದ ಮೇಡಂ ತಮ್ಮ ಕೈಚೀಲವನ್ನು ತೆರೆದು ಒಂದು ಕಾಗದದ ಪೊಟ್ಟಣ ಹೊರತೆಗೆದರು. ಅದರೊಳಗೂ ಸ್ಕ್ರೂ!

“ನಮ್ಮ ದೇಶದಲ್ಲಿ ಮಂಚ, ಮೇಜು, ಕುರ್ಚಿ ಎಲ್ಲಾ ಬಿಡಿಬಿಡಿಯಾಗಿ ಪೆಟ್ಟಿಗೇಲಿ ಬರುತ್ತಮ್ಮ. ಮನೆಯವರೇ ಜೋಡಿಸ್ಕೋಬೇಕು” ಎಂದರು. “ನಮ್ಮ ಯಜಮಾನರೇ ಎಲ್ಲಾ ಜೋಡಿಸಿದ್ರು. ಇಷ್ಟು ಮಿಕ್ಕಿತು. ಕೇಳಿದ್ರೆ, ಕಂಪನಿಯವರು ಹೆಚ್ಚಿಗೆ ಹಾಕಿರ್ತಾರೆ ಅಂದ್ರು.”

ಆ ಪುಣ್ಯಾತ್ಮನನ್ನು ಒಮ್ಮೆ ನೋಡಿ ಕೈ ಕುಲುಕಬೇಕು ಎಂದು ನೆಲದ ಮೇಲಿನಿಂದಲೇ ಅಂದುಕೊಂಡೆ.

ಹೆಂಡತಿ ಒಂದು ಸ್ಕ್ರೂ ಎತ್ತಿ ಬೆಳಕಿಗೆ ಹಿಡಿದಳು. “ಇದು ಮಂಚದ್ದಿರಬೇಕು ಅಮ್ಮ, ತಲೆದಿಂಬಿನ ಎಡಗಡೇದು. ಆ ಕಡೆ ಯಾರು ಮಲಗ್ತೀರಿ?”

“ಅವರೇ.”

“ಹಾಗಿದ್ರೆ ಅವಸರವೇನಿಲ್ಲ ಬಿಡಿ.”

ಇಬ್ಬರೂ ಬಿದ್ದು ಬಿದ್ದು ನಕ್ಕರು. (ನಿಜವಾಗಿ ಬಿದ್ದವನನ್ನು ಕೇಳುವವರಿಲ್ಲ.) ಮನೆಮನೆಯಲ್ಲೂ ಹೀಗೇ ಮಿಕ್ಕ ಸ್ಕ್ರೂ ಇದೆ, ಅದು ಎಲ್ಲಿಯದು ಎಂದು ಹೇಳಿ ಹಾಕಿಕೊಡುವವರು ನಮ್ಮ ದೇಶದಲ್ಲಿ ಒಬ್ಬರೂ ಇಲ್ಲ ಎಂದರು ಮೇಡಂ. “ಐಡಿಯಾ ಅಂದ್ರೆ ಇದು” ಎಂದರು ಸಾಹೇಬರು, ಹೆಂಡತಿ ಬಿಗಿದ ಕುರ್ಚಿಯಲ್ಲಿ ಹಾಯಾಗಿ ಒರಗಿಕೊಂಡು. ನನ್ನ ಅರ್ಜಿ ತಿರಸ್ಕೃತವಾಯಿತು. ಹೊಸ ಅರ್ಜಿ ಬರೆಸಿದರು. ಉದ್ಯಮಿ ಎಂಬಲ್ಲಿ ಅವಳ ಹೆಸರು ಬಂತು. ನನ್ನ ಹೆಸರು ಅದರ ಕೆಳಗೆ, ‘ಅವಲಂಬಿತರು’ ಎಂಬಲ್ಲಿ ಬಂತು. ಸಾಮಾನ್ಯವಾಗಿ ಆ ಜಾಗದಲ್ಲಿ ಮಕ್ಕಳ ಹೆಸರು ಬರೆಯುತ್ತಾರಂತೆ.

ಆದರೂ ಶಪಥ ಶಪಥವೇ. ವೀಸಾ ಬಂದ ದಿನ ಅದನ್ನು ಬಾಮೈದನ ಮೂಗಿನ ಕೆಳಗೆ ಹಿಡಿದೆ. ಅವನು ಯಾರ ಹೆಸರಿದೆ ಎಂದು ಓದುವಷ್ಟರಲ್ಲಿ ಮಡಚಿ ಜೇಬಿಗೆ ಹಾಕಿಕೊಂಡೆ.

ಈಗ ಇಲ್ಲಿಗೆ ಬಂದು ಬಹಳ ತಿಂಗಳಾಯಿತು. ಬೀದಿಯ ಮೂಲೆಯಲ್ಲಿ ಅವಳ ಅಂಗಡಿ. ಬಾಗಿಲು ತೆರೆಯುವ ಮುಂಚೆಯೇ ಜನ ಪೊಟ್ಟಣ ಹಿಡಿದು ನಿಂತಿರುತ್ತಾರೆ. ಅವರಲ್ಲಿ ಗಂಡಸರು ಕಡಿಮೆ, ಅವರವರ ಹೆಂಡಿರೇ ಹೆಚ್ಚು. ಒಬ್ಬಳಿಂದ ಸುಧಾರಿಸಲಾಗದೆ ಇಲ್ಲಿಯ ಕೆಲವು ಹೆಂಗಸರಿಗೆ ಕೆಲಸ ಕಲಿಸುತ್ತಿದ್ದಾಳೆ. ಕಲಿಸಲು ಸ್ಕ್ರೂ ಮಿಕ್ಕಿರುವ ಕುರ್ಚಿ ದಿನಾ ಬೇಕಲ್ಲ? ಬೇಕೆಂದೇ ಸ್ಕ್ರೂ ಬಿಟ್ಟು ಜೋಡಿಸಿ ನೋಡಿದರಂತೆ. ಎಲ್ಲಿ ಬಿಟ್ಟಿದ್ದೇವೆಂದು ತಕ್ಷಣ ಗೊತ್ತಾಗಿಬಿಡುತ್ತದಂತೆ. ಪೂರ್ಣ ಆತ್ಮವಿಶ್ವಾಸದಿಂದ, ಮನಃಪೂರ್ವಕವಾಗಿ ಬಿಡುವವನೊಬ್ಬ ಬೇಕಾಗಿದ್ದ.

ಆ ಹುದ್ದೆ ನನ್ನದು. ದಿನಕ್ಕೊಂದು ಪೆಟ್ಟಿಗೆ ಬಿಚ್ಚಿ ಜೋಡಿಸುತ್ತೇನೆ. ‘ಸಂಸ್ಥಾಪಕ ನಿರ್ದೇಶಕ’ ಎಂದು ಎದೆಯ ಮೇಲೆ ಹಾಕಲು ಬಿಲ್ಲೆ ಕೇಳಿದ್ದೆ. ಅವಳು ‘ಮಾದರಿ ಪತಿ’ ಎಂದು ಬರೆಸಿ ಕೊಟ್ಟಳು. ಹೊಗಳಿಕೆ ಎಂದೇ ತಿಳಿದು ಹಾಕಿಕೊಂಡಿದ್ದೇನೆ.

ಇಷ್ಟೆಲ್ಲ ಆದರೂ ನನ್ನ ಸಿದ್ಧಾಂತ ಕೂದಲೆಳೆಯಷ್ಟೂ ಅಲುಗಿಲ್ಲ. ಇವತ್ತು ಜೋಡಿಸಿದ್ದರಲ್ಲಿ ಕೂಡ ಒಂದು ಮುಷ್ಟಿ ಸ್ಕ್ರೂ ಮಿಕ್ಕಿದೆ. ಕಂಪನಿಯವರು ಹೆಚ್ಚಿಗೇ ಹಾಕಿರುತ್ತಾರೆ, ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಇದನ್ನೆಲ್ಲ ನಿಂತುಕೊಂಡೇ ಬರೆಯುತ್ತಿದ್ದೇನೆ. ಕೂರಲು ಕುರ್ಚಿ ಇಲ್ಲವೆಂದಲ್ಲ, ಪಕ್ಕದಲ್ಲೇ ಹೊಚ್ಚಹೊಸದೊಂದು ಇದೆ, ನಾನೇ ಜೋಡಿಸಿದ್ದು. ಅವಳಿನ್ನೂ ಧೂಳು ಒರೆಸಿಲ್ಲ.