ಖಾಲಿ ಕೊಡಬಾರದ ಡಬ್ಬಿ

ವಿಜಯಲಕ್ಷ್ಮಿ: ಹತ್ತು ದಿನ ಅಂದ್ರ ಹತ್ತು ದಿನ. ಆರು ಮುಗದಾವ, ಇನ್ನ ನಾಕು ಅದಾವ. ಏಳ್ರಿ, ಚಪ್ಪಲಿ ಹಾಕ್ಕೋರಿ.

ನಾನು: ನೋವs ಇಲ್ಲದಾಗ ಸೂಜಿ ಯಾಕ? ಬೆರಳು ನೋಡು, ಮದುಮಗನ ಬೆರಳು ಇದ್ದಂಗ ಐತಿ.

ವಿಜಯಲಕ್ಷ್ಮಿ: ಮದುಮಗನ ಬೆರಳಿಗೆ ಇಷ್ಟು ಪಟ್ಟಿ ಸುತ್ತೂದಿಲ್ಲ.

ನನ್ನ ಹೆಂಡತಿ ಪಟ್ಟಿ ಸುತ್ತಿದ್ದ ಬೆರಳೆಂದರೆ ನನ್ನ ಬಲಗಾಲಿನ ಹೆಬ್ಬೆರಳು. ಎರಡು ತಿಂಗಳ ಹಿಂದೆ ಜಾಲಿಮುಳ್ಳು ಚುಚ್ಚಿ ಕೀವಾಯಿತು. ಮನೆಯಲ್ಲಿದ್ದ ಗುಳಿಗೆಗಳನ್ನು ಒಂದಾದ ಮೇಲೊಂದು ನುಂಗಿದೆ. ಕೀವು ಅವನ್ನೆಲ್ಲ ಅರಗಿಸಿಕೊಂಡಿತು. ಕೊನೆಗೆ ವಿಜಯಪುರದ ಡಾಕ್ಟರು ಕೀವನ್ನು ಲ್ಯಾಬಿಗೆ ಕಳಿಸಿ, ಬಂದ ವರದಿ ಓದಿ, ಒಂದೇ ಒಂದು ಔಷಧ ಉಳಿದಿದೆ ಎಂದರು. ಅದೂ ಇಂಜೆಕ್ಷನ್, ದಿನಕ್ಕೆರಡು, ಹತ್ತು ದಿನ. ನಡುವೆ ಬಿಟ್ಟರೆ ಬೆರಳಿನ ಆಸೆಯನ್ನೂ ಬಿಡಿ ಎಂದು ಬಹಳ ಮೆತ್ತಗೆ ಹೇಳಿದ್ದರು. ಅಷ್ಟು ಮೆತ್ತಗೆ ಹೇಳಿದ್ದು ನನಗೆ ಗಂಭೀರ ಅನ್ನಿಸಿರಲಿಲ್ಲ.

ನಾನು: ನನ್ನ ಮೈಗೆ ಔಷಧ ರೂಢಿ ಆಗಿಬಿಟ್ಟೈತಿ. ಸ್ವಲ್ಪ ದಿನ ಬಿಟ್ರ ರೂಢಿ ತಪ್ಪತೈತಿ.

ವಿಜಯಲಕ್ಷ್ಮಿ: ರೂಢಿ ಆದದ್ದು ನಿಮ್ಮ ಮೈಗಲ್ಲ, ಕೀವಿನಾಗಿನ ಹುಳಕ್ಕ. ಡಾಕ್ಟರು ಎರಡು ಸಲ ಹೇಳಿದ್ರು. ಎರಡು ಸಲಾನೂ ತಲಿ ಅಲ್ಲಾಡಿಸಿದ್ರಿ.

ನಾನು: ಅದು ತೂಕಡಿಕಿ.

ವಿಜಯಲಕ್ಷ್ಮಿ: ಎರಡು ದಿನ ಗುಳಗಿ ತಗೊಂಡು ಬಿಟ್ರ ಮೆತ್ತನ್ನ ಹುಳ ಸಾಯ್ತಾವ, ಗಟ್ಟೀವು ಉಳೀತಾವ. ಉಳದದ್ದರ ಮಕ್ಕಳು, ಮೊಮ್ಮಕ್ಕಳು ಎಲ್ಲಾ ಗಟ್ಟೀನ. ಅದರ ಮ್ಯಾಲ ಒಂದು ಹುಳ ಕಲತದ್ದನ್ನ ಬಾಜೂ ಇದ್ದದ್ದಕ್ಕೂ ಹೇಳಿಕೊಡತೈತಂತ.

ನಾನು: ಇಪ್ಪತ್ತೆಂಟು ವರ್ಷ ಸಾಲ್ಯಾಗ ಹೇಳಿಕೊಟ್ಟೇನಿ. ಇಷ್ಟು ಲಗೂ ಕಲತವರನ್ನ ನೋಡಿಲ್ಲ.

ವಿಜಯಲಕ್ಷ್ಮಿ: ನಿಮ್ಮ ಕಡೆ ಪೂರಾ ಕಲತವು ಇವಷ್ಟ.

ಅಷ್ಟರಲ್ಲಿ ಬಾಜೂಮನೆಯ ಖಾಜಾಸಾಬರು ನಮ್ಮ ಸ್ಟೀಲ್ ಡಬ್ಬಿ ಹಿಡಿದು ಬಂದರು. ಈ ಡಬ್ಬಿಯ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ. ಮುಗಿಸದೆ ಬಿಟ್ಟ ಗುಳಿಗೆಗಳನ್ನು ಅದರಲ್ಲಿ ಹಾಕಿಡುತ್ತೇನೆ. ಬಾಗೇವಾಡಿಯ ನಮ್ಮ ಓಣಿಯಲ್ಲಿ ಯಾರು ಕೆಮ್ಮಿದರೂ ಡಬ್ಬಿ ಆ ಮನೆಗೆ ಹೋಗುತ್ತದೆ. ಇನ್ನೊಬ್ಬರ ಮನೆಯ ಡಬ್ಬಿಯನ್ನು ಖಾಲಿ ಕೊಡಬಾರದಲ್ಲ, ಬೇಕಾದ್ದು ತೆಗೆದುಕೊಂಡವರು ತಮ್ಮ ಮನೆಯಲ್ಲಿ ಉಳಿದದ್ದನ್ನು ಹಾಕಿ ಕಳಿಸುತ್ತಾರೆ. ಹೀಗಾಗಿ ಏಳು ವರ್ಷದಿಂದ ಡಬ್ಬಿ ಒಮ್ಮೆಯೂ ಬರಿದಾಗಿಲ್ಲ. ಇದನ್ನು ನಾನು ಸಮಾಜಸೇವೆ ಎಂದು ತಿಳಿದಿದ್ದೆ.

ಖಾಜಾಸಾಬ: ಅಕ್ಕಾರ, ಡಬ್ಬಿ ತಗೋರಿ. ನೆಗಡಿಗೆ ಮೂರು ಗುಳಗಿ ತಗೊಂಡ್ನಿ. ಭಾಳ ಚಲೋ ಗುಳಗಿ.

ವಿಜಯಲಕ್ಷ್ಮಿ: ನೆಗಡಿ ಹೋತೇನ್ರಿ ಅಣ್ಣಾರ?

ಖಾಜಾಸಾಬ: ನೆಗಡಿ ಒಂದು ಹೋಗಿಲ್ರಿ.

ವಿಜಯಲಕ್ಷ್ಮಿ: ನೆಗಡಿದು ಜಾತೀನ ಬ್ಯಾರೆ. ಅದಕ್ಕ ಈ ಗುಳಗಿ ಏನೂ ಮಾಡೂದಿಲ್ಲ. ಮತ್ತ ಡಬ್ಬಿ ಯಾಕ ಇಷ್ಟು ವಜ್ಜಾ ಐತಿ?

ಖಾಜಾಸಾಬ: ಖಾಲಿ ಹ್ಯಾಂಗ ಕೊಡೂದ್ರಿ? ನಮ್ಮ ಮಗಳು ಸುಲ್ತಾನಾನ ಹಲ್ಲು ಕಿತ್ತಾಗ ಕೊಟ್ಟಿದ್ದು ಐದು ಉಳದಿದ್ವು. ಹಾಕೇನಿ.

ವಿಜಯಲಕ್ಷ್ಮಿ ಒಳಗೆ ಹೋಗಿ ನನ್ನ ಲ್ಯಾಬ್ ವರದಿ ತಂದಳು. ಕಟ್ಟೆಯ ಮೇಲೆ ಕುಳಿತು, ಡಬ್ಬಿಯನ್ನು ಖಾಜಾಸಾಬರ ಮುಂದೆ ಸುರುವಿದಳು.

ವಿಜಯಲಕ್ಷ್ಮಿ: ನಾ ಓದತೇನಿ, ನೀವು ಹುಡುಕ್ರಿ. ಡಾಕ್ಸಿಸೈಕ್ಲಿನ್. ಈ ಹುಳಕ್ಕ ನಡಿಯೂದಿಲ್ಲ ಅಂತ ಬರದಾರ.

ಖಾಜಾಸಾಬ: ಐತ್ರಿ. ಸಿದ್ದಲಿಂಗನ ಮನೀದು.

ವಿಜಯಲಕ್ಷ್ಮಿ: ಸಿಪ್ರೊಫ್ಲಾಕ್ಸಾಸಿನ್. ನಡಿಯೂದಿಲ್ಲ.

ಖಾಜಾಸಾಬ: ಐತ್ರಿ. ಎರಡು ಕಂಪನಿದು ಐತಿ.

ವಿಜಯಲಕ್ಷ್ಮಿ: ಅಮಾಕ್ಸಿಸಿಲಿನ್.

ನಾನು: ಅದು ನಂದು.

ನಾನು ಸುಮ್ಮನಿರಬಹುದಿತ್ತು. ವರದಿಯಲ್ಲಿ ನಡೆಯದ ಔಷಧ ಆರು, ಡಬ್ಬಿಯಲ್ಲಿದ್ದ ಔಷಧವೂ ಅವೇ ಆರು. ನಡೆಯುವ ಏಳನೆಯದೊಂದು ಮಾತ್ರ ಡಬ್ಬಿಯಲ್ಲಿರಲಿಲ್ಲ.

ವಿಜಯಲಕ್ಷ್ಮಿ: ಕೀವು ಯಾಕ ಲ್ಯಾಬಿಗೆ ಕಳಿಸಬೇಕಾಗಿತ್ತು? ಈ ಡಬ್ಬಿ ತೋರಿಸಿದ್ರ ಸಾಕಾಗಿತ್ತು.

ಖಾಜಾಸಾಬರು ಗುಳಿಗೆಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬತೊಡಗಿದರು.

ಖಾಜಾಸಾಬ: ಇದು ನಮ್ಮ ಹಿಪ್ಪರಗಿ ಹೊಲದ ಕಥೀನ ಆತಲ್ರಿ. ಮೊದಲನೇ ವರ್ಷ ತೊಗರಿ ಕೀಡಿಗೆ ವಿಷದ ಎಣ್ಣಿ ಹೊಡದ್ರ ಪಟಪಟ ಉದುರಿದ್ವು. ಮರುವರ್ಷ ಒಂದು ಮುಚ್ಚಳ ಹಾಕೂ ಕಡೆ ಅರ್ಧಾ ಹಾಕಿ ಹೊಡದ್ನಿ. ಈಗ ಅದs ಎಣ್ಣಿ ಹೊಡದ್ರ ಮುಖಾ ತೊಳಕೊಂಡು ಮತ್ತ ಊಟಕ್ಕ ಕುಂಡರತಾವ.

ವಿಜಯಲಕ್ಷ್ಮಿ: ಹೊಲದಾಗ ತಿಳದದ್ದು ಓಣ್ಯಾಗ ಯಾಕ ತಿಳೀಲಿಲ್ರಿ?

ಖಾಜಾಸಾಬ: ಹೊಲಾ ನಂದ್ರಿ. ಬೆರಳು ಮಾಸ್ತರದ್ದು.

ನಾನು: ಹಂಗಾರ ಡಬ್ಬಿ ತಿಪ್ಪಿಗೆ ಸುರವಿ ಬಿಡೂಣು.

ವಿಜಯಲಕ್ಷ್ಮಿ: ಅಲ್ಲಿನ ಹುಳಕ್ಕೂ ಸಾಲಿ ತೆಗೀತೀರೇನು? ದವಾಖಾನಿಗೆ ಒಯ್ದು, ಇವನ್ನ ಏನು ಮಾಡಬೇಕು ಅಂತ ಕೇಳತೇನಿ.

ಖಾಜಾಸಾಬ: ಖರೇ ಐತ್ರಿ ಅಕ್ಕಾರ. ಇನ್ನ ಮ್ಯಾಲ ಡಾಕ್ಟರ ಚೀಟಿ ಇಲ್ಲದ ಒಂದು ಗುಳಗಿನೂ ಮುಟ್ಟೂದಿಲ್ಲ. ಕೊಟ್ಟದ್ದು ಮುಗಸಲಾರದ ಬಿಡೂದಿಲ್ಲ. ಒಬ್ಬರದು ಒಬ್ಬರಿಗೆ ಕೊಡೂದಂತೂ ಇಲ್ಲೇ ಇಲ್ಲ.

ಇಷ್ಟು ಸ್ಪಷ್ಟವಾಗಿ ನಾನು ತರಗತಿಯಲ್ಲೂ ಎಂದೂ ಸಾರಾಂಶ ಹೇಳಿಸಿದವನಲ್ಲ. ಖಾಜಾಸಾಬರು ಮೆಟ್ಟಿಲಿಳಿದರು. ಎರಡು ಹೆಜ್ಜೆ ಹೋಗಿ ನಿಂತರು.

ಖಾಜಾಸಾಬ: ಮಾಸ್ತರ, ಬೆರಳು ಆರಾಮ ಆಗೈತಿ ಅಂದಂಗ ಕೇಳಿಸ್ತು. ಹಂಗಾರ ನಾಕು ದಿನದ ಇಂಜೆಕ್ಷನ್ ಉಳೀತಾವಲ್ಲ?

ವಿಜಯಲಕ್ಷ್ಮಿ ಅವರನ್ನು ನೋಡಿದಳು.

ಖಾಜಾಸಾಬ: ನನಗಲ್ರಿ. ಎಮ್ಮಿಗೆ.

ನನ್ನ ಬೆರಳಿಗೆ ಉಳಿದಿರುವ ಒಂದೇ ಔಷಧ ಎಮ್ಮೆಯಿಂದ ಹೊರಟು, ಓಣಿ ಸುತ್ತಿ, ಮತ್ತೆ ಯಾವುದೋ ಡಬ್ಬಿಯಲ್ಲಿ ನಮ್ಮ ಮನೆಗೇ ಬರುವುದು ಕಣ್ಣಿಗೆ ಕಟ್ಟಿತು. ಎದ್ದು ಚಪ್ಪಲಿ ಹುಡುಕಿದೆ.

ನಾನು: ಒಂದೂ ಉಳಿಯೂದಿಲ್ರಿ.